ಅರ ಹಾಕಿದ ಕಾರ್ಡು

ಅರಸೀಕೆರೆ ಬಸ್ ಸ್ಟ್ಯಾಂಡಿನ ಎದುರು ಅರುಣಕ್ಕನ ಅಂಗಡಿ. ಹದಿನೆಂಟು ವರ್ಷದಿಂದ ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವುದೇ ಕಸುಬು. ಈಗ ಯಾರು ತುಂಬಿಸಿಕೊಳ್ಳುತ್ತಾರೆ ಎನ್ನಬೇಡಿ, ಟ್ರ್ಯಾಕ್ಟರ್ ಇಟ್ಟವರು ಇನ್ನೂ ಬರುತ್ತಾರೆ. ಮೇಜಿನ ಮೇಲೊಂದು ಸಾಂಬಾರ ಡಬ್ಬಿ. ಸಾಸಿವೆ, ಜೀರಿಗೆ ಇರಬೇಕಾದ ಬಟ್ಟಲುಗಳಲ್ಲಿ ಒಂದೊಂದು ಜಾತಿಯ ಕಾರ್ಡು, ಅದರದರ ಅಡಾಪ್ಟರು. ಒಂದು ಕಾಲದಲ್ಲಿ ಕಂಪನಿಗಳು ಹಟಕ್ಕೆ ಬಿದ್ದು ತಮ್ಮ ತಮ್ಮದೇ ಅಳತೆಯ ಕಾರ್ಡು ಮಾಡಿದವು. ಒಬ್ಬರದು ಇನ್ನೊಬ್ಬರ ಫೋನಿಗೆ ಕೂರದು. ಕೊನೆಗೆ ಒಂದು ಅಳತೆ ಗೆದ್ದಿತು, ಉಳಿದವು ಮೂಲೆ ಸೇರಿದವು. "ಇವರ ಜಗಳ ಹಾಳಾಗ, ಜನ ಏನ್ ಮಾಡ್ಬೇಕು?" ಎಂದು ಅರುಣಕ್ಕ ಬೈಯುತ್ತಲೇ ಸೋತವರ ಅಡಾಪ್ಟರನ್ನೂ ಒರೆಸಿ ಇಟ್ಟುಕೊಳ್ಳುತ್ತಾಳೆ.

ಮೊನ್ನೆ ಗುರುವಾರ ಗಂಡಸಿ ಊರಿನಿಂದ ಕೆಂಚಪ್ಪ, ಹೆಂಡತಿ ಮುನಿಯಮ್ಮನ ಜೊತೆ ಬಂದ. ಭಾನುವಾರ ಮೊಮ್ಮಗಳು ಸಿರಿಯ ಮದುವೆ. ಮುನಿಯಮ್ಮ ಸೋಬಾನೆ ಹೇಳದೆ ಆ ಕಡೆ ಯಾರನ್ನೂ ಹಸೆಗೆ ಕರೆದದ್ದಿಲ್ಲ. ಈಗ ಗಂಟಲ ಆಪರೇಷನ್ ಆಗಿ ಬರೀ ಪಿಸುದನಿ ಉಳಿದಿದೆ, ಪಾಪ. ಅವಳ ಹಾಡು ಇರುವುದು ಕೆಟ್ಟುಹೋದ ಹಳೆಯ ಫೋನಿನ ಒಂದೇ ಒಂದು ಕಾರ್ಡಿನಲ್ಲಿ.

ಕಾರ್ಡು ನೋಡಿ ಅರುಣಕ್ಕ ಹೌಹಾರಿದಳು. "ಯಜಮಾನ್ರೇ, ಈ ಅಂಚು ಯಾಕೆ ಸವೆದಿದೆ?"

"ಅರ ಹಾಕಿ ಉಜ್ಜಿದೆ ಕಣವ್ವ. ಹೊಸ ಫೋನಿಗೆ ಒಂಚೂರು ಅಗಲ ಜಾಸ್ತಿ ಆಯ್ತು. ಅವತ್ತು ನೀನೇ ನನ್ ಸಿಮ್ಮು ಕತ್ರಿಸಿ ಕೂರಿಸ್ಕೊಡ್ಲಿಲ್ವಾ?"

ಅಯ್ಯೋ ಶಿವನೇ! ಸಿಮ್ಮಿನ ಸುತ್ತ ಇರುವುದು ಬರೀ ಪ್ಲಾಸ್ಟಿಕ್ಕು, ಈ ಕಾರ್ಡಿಗೋ ಅಂಚಿನವರೆಗೂ ಜೀವ. ಬೈಯಲು ಬಾಯಿ ತೆರೆದವಳು ಮುದುಕನ ಮುಖ ನೋಡಿ ನುಂಗಿಕೊಂಡಳು. ಕತ್ತರಿಸುವುದನ್ನು ತೋರಿಸಿಕೊಟ್ಟವಳು ತಾನೇ. ಆ ಕೋಪವನ್ನೆಲ್ಲ ಕಂಪನಿಗಳ ಮೇಲೆ ತೀರಿಸಿಕೊಳ್ಳುತ್ತಲೇ ಡಬ್ಬಿ ತೆರೆದಳು.

ಅಡಾಪ್ಟರಿಗೆ ಹಾಕಿದರೆ ಕಾರ್ಡು ಸಡಿಲ. ಹೆಬ್ಬೆರಳಲ್ಲಿ ಒಂದು ಪಕ್ಕಕ್ಕೆ ಒತ್ತಿ ಹಿಡಿದಳು, ಕಂಪ್ಯೂಟರಿನಲ್ಲಿ ಕಾಣಿಸಿತು. ಬೆರಳು ಸಡಿಲಿಸಿದಳು, ಮಾಯ. ಮತ್ತೆ ಒತ್ತಿದರೆ ಎಲ್ಲ ಅಳಿಸಿ ಹೊಸದು ಮಾಡಲೇ ಎಂದು ಕಂಪ್ಯೂಟರು ಕೇಳಿತು. "ಮಾಡ್ತೀಯ, ಮಾಡ್ತೀಯ, ಕೈ ಮುರೀತೀನಿ!" ಎಂದು ಗದರಿಸಿ, ಬೇಡ ಎಂದು ಒತ್ತಿ, ಕಾರ್ಡನ್ನು ಇನ್ನಷ್ಟು ಅದುಮಿದಳು. ಗಿರಾಕಿಗಳನ್ನು ಕಣ್ಣಲ್ಲೇ ನಿಲ್ಲಿಸಿದಳು. ಬೆರಳು ಮರಗಟ್ಟುವ ಹೊತ್ತಿಗೆ ನಕಲು ಮುಗಿಯಿತು.

ಅಂಗಡಿಯ ತುಂಬ ಹಾಡು ಎದ್ದಿತು. ಕೆಂಚಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ.

"ಎಷ್ಟ್ ಜೋರಾಗಿ ಹಾಡ್ತಿದ್ದೆ ನೋಡು ನಾನು," ಎಂದಳು ಮುನಿಯಮ್ಮ, ಪಿಸುದನಿಯಲ್ಲಿ.

"ಹೊಸ ಕಾರ್ಡಿಗೆ ಹಾಕ್ಕೊಡ್ತೀನಿ ಅಜ್ಜಿ. ಹಸೆ ಹೊತ್ತಿಗೆ ಸ್ಪೀಕರಲ್ಲಿ ಹಾಕ್ಸಿ."

ಮುದುಕಿ ಬೇಡವೆಂದು ತಲೆಯಾಡಿಸಿದಳು. "ಹಸೆ ಮುಂದೆ ಡಬ್ಬ ಹಾಡ್ಬಾರ್ದು ಕಣವ್ವ, ಬಾಯಿ ಹಾಡ್ಬೇಕು. ಇದನ್ನ ಕೇಳಿ ಯಾರಾದ್ರೂ ಕಲೀಲಿ ಅಂತ ತಂದೆ. ನೀನೇ ಕಲ್ತ್ಕೋ."

"ಯಾರು, ನಾನಾ?"

"ನಿನ್ ಗಂಟ್ಲು ಚೆನ್ನಾಗೈತಲ್ಲ. ಆಗ್ಲಿಂದ ಕಂಪನಿಯೋರ್ನ ಬೈತಿದ್ದೆ, ಬಸ್ ಸ್ಟ್ಯಾಂಡಿಗೆಲ್ಲ ಕೇಳ್ತು."

ಅರುಣಕ್ಕ ಎರಡು ದಿನ ಅದೊಂದೇ ಹಾಡು ಹಾಕಿಕೊಂಡು ಕೂತಳು. ಭಾನುವಾರ ಅಂಗಡಿಗೆ ಬೀಗ. ಗಂಡಸಿಯಲ್ಲಿ ಹಸೆಯ ಮುಂದೆ ನಿಂತು ಹಾಡು ಶುರು ಮಾಡಿದಳು. ರಾಗ ಎರಡು ಕಡೆ ಜಾರಿತು, ಮೂರನೇ ನುಡಿಯಂತೂ ಮರೆತೇಹೋಯಿತು. ಮುನಿಯಮ್ಮ ಅವಳ ಕಿವಿಗೆ ಬಾಯಿಟ್ಟು ಒಂದೊಂದೇ ಸೊಲ್ಲು ಹೇಳಿಕೊಟ್ಟಳು, ಅರುಣಕ್ಕ ಅದನ್ನೇ ಎತ್ತಿದ ದನಿಯಲ್ಲಿ ಹಾಡಿದಳು.

ಹಸೆಯ ಮೇಲಿದ್ದ ಸಿರಿ ತಲೆ ಎತ್ತಿದಳು. "ಅಜ್ಜಿ ಹಾಡ್ತಾವ್ಳೆ!" ಎಂದವಳೇ, ಬಾಸಿಂಗ ಕಟ್ಟಿದ್ದನ್ನೂ ಮರೆತು ಅತ್ತುಬಿಟ್ಟಳು.