ಫೆಬ್ರವರಿಯ ಮಳೆ

ಮೂವತ್ತು ವರ್ಷ ಬರೆದು ಬರೆದು ನನ್ನ ಬಲಗೈ ಹೆಬ್ಬೆರಳು ಸೊಟ್ಟಗಾಗಿದೆ. ಕಾಫಿ ಸೀಮೆಯ ಪೊಲೀಸ್ ಠಾಣೆಗಳಲ್ಲಿ ನಾನು ರೈಟರ್ ಆಗಿದ್ದೆ. ಅಂದರೆ ಸಾಹೇಬರು ಮಾಡಿದ್ದನ್ನು ಕಾಗದಕ್ಕೆ ಒಗ್ಗಿಸುವವನು. ನಿವೃತ್ತಿಯಾದರೂ ಆ ದಣಿವು ಇಳಿದಿಲ್ಲ.

ಎಸ್ಟೇಟಿನಲ್ಲಿ ಕಾಳುಮೆಣಸಿನ ಮೂಟೆ ಕಳುವಾದರೆ ನಮ್ಮಲ್ಲೊಂದು ಪದ್ಧತಿಯಿತ್ತು. ದೂರು ಬರೆಯುವ ಮೊದಲೇ ಜೀಪು ಅಸ್ಸಾಮಿನ ಕೂಲಿಯವರ ಲೈನ್ ಮನೆಗಳಿಗೆ ಹೋಗುತ್ತಿತ್ತು. ಪಕ್ಕದಲ್ಲೇ ಇದ್ದ ಊರವರ ಬಾಗಿಲು ಯಾರೂ ತಟ್ಟುತ್ತಿರಲಿಲ್ಲ.

"ಬಾಂಗ್ಲಾದವ್ರು ಮಾರಾಯ, ಮುಖ ನೋಡಿದ್ರೇ ಗೊತ್ತಾಗಲ್ವಾ?" ಎನ್ನುತ್ತಿದ್ದ ಜೀಪಿನ ಡ್ರೈವರ್. ನಾನೂ ನಗುತ್ತಿದ್ದೆ.

ಒಂದು ಫೆಬ್ರವರಿಯಲ್ಲಿ ಹಾಗೆ ಎಳೆತಂದ ಕೂಲಿಯವನ ಆಧಾರ್ ಕಾರ್ಡು ನನ್ನ ಮೇಜಿನ ಮೇಲೇ ಇತ್ತು. ಯಾರೂ ನೋಡಲಿಲ್ಲ. ಒಳಕೋಣೆಯಿಂದ ಹೊರಬಂದಾಗ ಅವನ ಎಡಗಿವಿಯಿಂದ ರಕ್ತ ಸೋರುತ್ತಿತ್ತು.

"ಯಾವಾಗ್ಲೂ ಬರೆಯೋ ಹಾಗೆ ಬರ್ಕೊಳ್ಳಿ," ಎಂದರು ಸಬ್ ಇನ್ಸ್‌ಪೆಕ್ಟರ್.

ಕೈ ತಾನಾಗಿ ಬರೆಯಿತು: 'ಓಡಿಹೋಗಲು ಯತ್ನಿಸಿ, ಮಳೆಯಿಂದ ಒದ್ದೆಯಾಗಿದ್ದ ಠಾಣೆಯ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಗಾಯ.' ಮಳೆಗಾಲದಲ್ಲಿ ರೂಢಿಯಾದ ವಾಕ್ಯ. ಹೊರಗೆ ಮೆಣಸು ಒಣಗುವ ಬಿಸಿಲು. ವಾರಗಳಿಂದ ಒಂದು ಹನಿ ಬಿದ್ದಿರಲಿಲ್ಲ.

ಮೂರನೆಯ ದಿನ ಮೂಟೆಗಳು ಎಸ್ಟೇಟಿನ ಮೇಸ್ತ್ರಿಯ ಮನೆಯಲ್ಲೇ ಸಿಕ್ಕವು. ಅವನ ಆ ಕಿವಿಗೆ ಮಾತ್ರ ಮತ್ತೆ ಏನೂ ಕೇಳಿಸಲಿಲ್ಲ. ಅವನ ಹೆಂಡತಿ ಯಾರಿಂದಲೋ ಬರೆಸಿ ಮೇಲಿನವರಿಗೆ ಅರ್ಜಿ ಕೊಟ್ಟಳು. ವಿಚಾರಣೆಗೆ ಜಿಲ್ಲೆಯಿಂದ ಅಧಿಕಾರಿಯೊಬ್ಬರು ಬಂದರು. ನಮ್ಮವರೆಲ್ಲ ಒಬ್ಬರಾದ ಮೇಲೊಬ್ಬರು ಹೋಗಿ, ಏನೂ ನೋಡಿಲ್ಲ ಅಂದು ಬಂದರು.

ನನಗೆ ಒಳಗೊಳಗೇ ಆಸೆ. ಬಾಯಿಬಿಡುವ ಧೈರ್ಯ ನನಗಿರಲಿಲ್ಲ. ಆ ತಪ್ಪು ವಾಕ್ಯವೇ ನನ್ನ ಪರವಾಗಿ ಬಾಯಿಬಿಡಲಿ ಎಂದುಕೊಂಡಿದ್ದೆ. ನಾನು ಬರೆದದ್ದನ್ನು ಓದುತ್ತಿದ್ದ ಅಧಿಕಾರಿಯ ಬೆರಳು 'ಮಳೆ'ಯ ಹತ್ತಿರ ನಿಂತಿತು. ಅವರು ಕಿಟಕಿಯಾಚೆಯ ಧೂಳು ನೋಡಿದರು, ಆಮೇಲೆ ನನ್ನನ್ನು.

"ಅವತ್ತು ಮಳೆ ಇತ್ತೇನ್ರೀ?"

"ಇತ್ತು ಸಾರ್," ಅಂದೆ.

ಅವರು ಸಹಿ ಹಾಕಿದರು. "ಕೊಟ್ಟಿಗೆಹಾರದಲ್ಲಿ ನೀರುದೋಸೆ ಚೆನ್ನಾಗಿ ಸಿಗುತ್ತಂತಲ್ಲ?" ಎಂದು ಕೇಳಿದರು. ದಾರಿಯನ್ನೂ ನಾನೇ ಹೇಳಿದೆ. ಹೇಳುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹೊರಗೆ ಅದೇ ಮೆಟ್ಟಿಲಿನ ಮೇಲೆ ಅವನ ಹೆಂಡತಿ ಬೆಳಗಿನಿಂದ ಕಾದು ಕೂತಿದ್ದಳು. ನನ್ನನ್ನು ಕಂಡು ಗಡಬಡಿಸಿ ಎದ್ದಳು.

"ಸಾರ್, ಎಲ್ಲಾ ಬರೆದ್ರಾ?"

"ಬರೆದಾಗಿದೆಯಮ್ಮಾ."

ಅವಳು ಕೈಮುಗಿದು, ಸೀರೆಗೆ ಮೆತ್ತಿದ್ದ ಮೆಟ್ಟಿಲಿನ ಕೆಂಪು ಧೂಳನ್ನು ಕೊಡವಿಕೊಂಡು ಹೊರಟಳು.