ಮೇಲಿನ ಮನೆಯ ಹತ್ತು ನಿಮಿಷ

ನನ್ನ ಫ್ರಿಜ್ಜಿನ ಬಾಗಿಲು ಬಿಟ್ಟುಕೊಳ್ಳುವ ಸದ್ದು, ಅದರ ಹಿಂದೆಯೇ ಎರಡು ಸ್ಟೀಲ್ ಚಮಚ ಒಂದಕ್ಕೊಂದು ತಗುಲಿ ಟಿಣ್ ಅನ್ನುವ ಸದ್ದು. ಬೆಳಗ್ಗೆ ಏಳೂವರೆ ಹೊತ್ತಿಗೆ ಇದು ಕೇಳಿಸಿತೆಂದರೆ ಕೆಳಗಿನ ಮನೆಯವಳು ಮೇಲೆ ಬಂದಿದ್ದಾಳೆ ಎಂದರ್ಥ. ನಾನು ರೂಮಿನಿಂದ ಹೊರಗೆ ಬರುವಷ್ಟರಲ್ಲಿ ಅವಳು ಡೈನಿಂಗ್ ಟೇಬಲ್ಲಿನ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂತಿರುತ್ತಿದ್ದಳು. ತಣ್ಣನೆಯ ಚಮಚಗಳು ಬೋರಲಾಗಿ ಎರಡೂ ಕಣ್ಣಿನ ಮೇಲೆ. ಉಗುರಿನ ಸಂದಿಯಲ್ಲಿ ಒಣಗಿದ ಚಪಾತಿ ಹಿಟ್ಟು. ಬಾಯಿ ಮಾತ್ರ ಎಚ್ಚರ.

"ಆಂಟಿ, ಮಾತಾಡಸಬ್ಯಾಡ್ರಿ. ಎರಡ ನಿಮಿಷ ನಾ ಸತ್ತೀನಿ ಅಂತ ತಿಳ್ಕೋರಿ."

ಹಲಸೂರಿನ ಈ ಮನೆ ನಮ್ಮಪ್ಪನ ಕಾಲದ್ದು. ಮೇಲೆ ನಾನು, ಕೆಳಗೆ ಬಾಡಿಗೆಗೆ ಅವಳ ಸಂಸಾರ. ಹುಬ್ಬಳ್ಳಿ ಕಡೆಯವರು. ಗಂಡ, ಅತ್ತೆ, ಹೈಸ್ಕೂಲಿಗೆ ಹೋಗುವ ಒಬ್ಬಳು ಮಗಳು. ಮಹದೇವಪುರದ ಟೆಕ್ ಪಾರ್ಕೊಂದರಲ್ಲಿ, ಆಫೀಸಿಗೆ ಹೊಸದಾಗಿ ಸೇರಿದವರಿಗೆ ಟ್ರೈನಿಂಗ್ ಕೊಡುವುದು ಅವಳ ಕೆಲಸ. ವಯಸ್ಸು ನಲವತ್ತು ದಾಟಿತ್ತು. ನೋಡಿದವರು ಇನ್ನೂ ಹತ್ತು ವರ್ಷ ಸೇರಿಸುತ್ತಿದ್ದರು, ಮುಲಾಜಿಲ್ಲದೆ.

ಅವಳು ಮೊದಲನೇ ಸಲ ಮೇಲೆ ಬಂದದ್ದು ಕನ್ನಡಿ ಕೇಳಿಕೊಂಡು. "ಹತ್ತ ನಿಮಿಷ ನಿಮ್ಮ ಕನ್ನಡಿ ಮುಂದ ಕೂಡ್ಲೇನ್ರಿ?" ಅಂದಳು. ಕೆಳಗೆ ಕನ್ನಡಿ ಇಲ್ಲವೇನೇ ಅಂದೆ. ಐತಿ, ಆದರೆ ಹಾಲ್‌ನಲ್ಲಿ ಐತಿ ಅಂದಳು. ಅದರಲ್ಲೇನು ತೊಂದರೆ ಎಂದು ಆಮೇಲೆ ತಿಳಿಯಿತು. ಕನ್ನಡಿಯ ಪಕ್ಕಕ್ಕೇ, ತೀರಿಕೊಂಡ ಮಾವನ ಹಾರ ಹಾಕಿದ ಫೋಟೋ, ಎದುರಿಗೆ ಅತ್ತೆಯ ಮಂಚ. ಅಲ್ಲಿ ನಿಂತು ಕಣ್ಣಿಗೆ ಕಾಡಿಗೆ ಹಚ್ಚಿದರೆ ಸತ್ತವರೂ ನೋಡುತ್ತಾರೆ, ಇದ್ದವರೂ ನೋಡುತ್ತಾರೆ. ಬಾತ್‌ರೂಮಿನಲ್ಲಿ ಗಂಡನ ಶೇವಿಂಗ್ ಕನ್ನಡಿ ಇತ್ತು, ಆದರೆ ಆ ಹೊತ್ತಿಗೆ ಬಾಗಿಲ ಹೊರಗೆ ಕ್ಯೂ.

ಮಾವ ಹೋಗಿ ಆಗಲೇ ಮೂರು ವರ್ಷ. ವರ್ಷದ ಕಾರ್ಯ ಮುಗಿದ ಮೇಲೆ ಬಂದ ಯುಗಾದಿಗೆ ಇವಳು ಒಂದು ಮೊಳ ಮಲ್ಲಿಗೆ ಮುಡಿದಳಂತೆ. ಗಂಡ ಅಡುಗೆ ಮನೆಗೆ ಬಂದು ತಗ್ಗಿದ ದನಿಯಲ್ಲಿ "ಅವ್ವನ ಮುಂದ ಇದು ಬೇಕಿತ್ತೇನ?" ಅಂದನಂತೆ. ಅಷ್ಟೇ. ಬೈಯಲಿಲ್ಲ, ಕೈ ಎತ್ತಲಿಲ್ಲ. ಅಂಥ ಗಂಡಸು ಅವನಲ್ಲ. ಆಫೀಸಿನಿಂದ ಬರುವಾಗ ತರಕಾರಿ ತರುತ್ತಾನೆ, ನನಗೆ ಎದುರಾದರೆ ನಮಸ್ಕಾರ ಅನ್ನುತ್ತಾನೆ. ಆ ಒಂದು ಮಾತಿಗೆ ಇವಳು ಹೂವು ಬಿಟ್ಟಳು, ಕಾಡಿಗೆ ಬಿಟ್ಟಳು, ಬಣ್ಣ ಬಣ್ಣದ ಚೂಡಿದಾರುಗಳನ್ನು ಟ್ರಂಕಿಗೆ ಹಾಕಿ ಬೂದಿ ಬಣ್ಣದ ಎರಡು, ಕಂದು ಬಣ್ಣದ ಎರಡು ಇಟ್ಟುಕೊಂಡಳು. ನೆನೆಸಿಕೊಂಡರೆ ಈಗಲೂ ನನ್ನ ಬಿಪಿ ಏರುತ್ತದೆ.

ಹಾಗಾದರೆ ಆ ದಿನ ಕನ್ನಡಿ ಯಾಕೆ ಬೇಕಾಯಿತು? ಆಫೀಸಿನವರು ಕರೆದು ಹೇಳಿದ್ದರು. ಅವಳ ಮ್ಯಾನೇಜರ್ ಒಂದು ಸಣ್ಣ ಹುಡುಗಿ. "ಮ್ಯಾಮ್, ನೀವು ತುಂಬ ಟಯರ್ಡ್ ಕಾಣ್ತೀರ. ಹೊಸಬರಿಗೆ ಎನರ್ಜಿ ಬೇಕು. ನೆಕ್ಸ್ಟ್ ಬ್ಯಾಚ್‌ನಿಂದ ಬ್ಯಾಕ್ ಎಂಡ್‌ಗೆ ಹೋಗ್ತೀರಾ? ಕಂಫರ್ಟಬಲ್ ಆಗಿರುತ್ತೆ." ಬ್ಯಾಕ್ ಎಂಡ್ ಎಂದರೆ ಒಂದು ಮೂಲೆಯಲ್ಲಿ ಕೂತು ಬೇರೆಯವರ ಪಾಠದ ಸ್ಲೈಡುಗಳಲ್ಲಿ ತಪ್ಪು ಹುಡುಕುವುದು. ಆ ಮೂಲೆಗೆ ಹೋದವರು ಕ್ಲಾಸಿಗೆ ವಾಪಸ್ ಬಂದದ್ದನ್ನು ಯಾರೂ ನೋಡಿರಲಿಲ್ಲವಂತೆ.

"ಆ ಹುಡ್ರು ಮೊದಲನೇ ದಿನ ಬಾಯಿ ಬಿಡಂಗಿಲ್ರಿ ಆಂಟಿ. ಒಂದ ವಾರ ಆಗೂದ್ರಾಗ ನನ್ನ ಜೋಡಿ ಜಗಳಕ್ಕ ನಿಲ್ತಾವ, ಮ್ಯಾಮ್ ನೀವು ಹೇಳಿದ್ದು ತಪ್ಪು ಅಂತ. ಅದನ್ನ ನೋಡಾಕ ನಾ ಹೋಗೂದು. ಅದ ಇಲ್ಲ ಅಂದ್ರ ನನಗ ಆ ಆಫೀಸ್ ಯಾಕ ಬೇಕ್ರಿ?"

ಪಾಠ ಹೇಗೆ ಮಾಡುತ್ತೀಯ ಎಂದು ಕೇಳಿದವರಿಲ್ಲ, ಕಣ್ಣಿನ ಕೆಳಗಿನ ಕಪ್ಪನ್ನು ಮಾತ್ರ ನೋಡಿದರು. ಮನೆಯಲ್ಲಿ ಈ ವಯಸ್ಸಿಗೆ ಯಾಕೆ ಇದೆಲ್ಲ ಅನ್ನುತ್ತಾರೆ, ಆಫೀಸಿನಲ್ಲಿ ಈ ವಯಸ್ಸಿಗೇ ಹೀಗಾದರೆ ಹೇಗೆ ಅನ್ನುತ್ತಾರೆ. ಒಂದೇ ಮುಖಕ್ಕೆ ಎರಡು ಕಡೆಯಿಂದ ಆರ್ಡರ್. ಫೋನ್ ತೆಗೆದರೆ ಅಲ್ಲೂ ಸಲಹೆ: ಎಂಟು ಗಂಟೆ ನಿದ್ದೆ ಮಾಡಿ, ನಿಮಗಾಗಿ ಸಮಯ ಇಟ್ಟುಕೊಳ್ಳಿ, ಮನಸ್ಸು ಪ್ರಸನ್ನವಾಗಿರಲಿ. ಅದನ್ನು ಬರೆದವರು ಒಂದು ದಿನ ಬಂದು ಅವಳ ಬದಲು ಐದು ಗಂಟೆಗೆ ಎದ್ದು ಮೂರು ಡಬ್ಬಿ ಕಟ್ಟಿ, ಅತ್ತೆಗೆ ಶುಗರ್ ಮಾತ್ರೆ ಕೊಟ್ಟು, ಟಿನ್ ಫ್ಯಾಕ್ಟರಿ ಸ್ಟಾಪಿನ ಬಸ್ಸಿನ ನೂಕಾಟದಲ್ಲಿ ನಿಂತುಕೊಂಡು ಪ್ರಸನ್ನವಾಗಿರಲಿ, ನೋಡೋಣ.

ನಾನು ಮದುವೆಯಾದವಳಲ್ಲ. ಕಂಟೋನ್ಮೆಂಟಿನ ಒಂದು ಆಫೀಸಿನಲ್ಲಿ ರಿಟೈರ್ ಆಗುವವರೆಗೂ ರಿಸೆಪ್ಷನಿಸ್ಟ್ ಆಗಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು "ಶೋಲ್ಡರ್ಸ್, ಗರ್ಲ್, ಶೋಲ್ಡರ್ಸ್" ಎಂದು ಬೆನ್ನಿಗೆ ಸ್ಕೇಲು ತಾಗಿಸಿ ಕಲಿಸಿದ್ದೇ ನನ್ನ ಅರ್ಧ ಬಂಡವಾಳ. ಜ್ವರವಿದ್ದರೂ ಒಂಬತ್ತು ಗಂಟೆಗೆ ಫ್ರೆಶ್ ಕಾಣಿಸುವುದು ನಮ್ಮ ಡ್ಯೂಟಿ. ಹಾಗಾಗಿ ಹತ್ತು ನಿಮಿಷದಲ್ಲಿ ಏನೇನು ಆಗುತ್ತದೆ, ಏನು ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮೊದಲು ಚಮಚ. ರಾತ್ರಿಯೇ ಫ್ರಿಜ್ಜಿನಲ್ಲಿಟ್ಟಿರಬೇಕು, ಕಣ್ಣಿನ ಊತ ಇಳಿಯುತ್ತದೆ. ಹಲವು ವರ್ಷ ನಡುವೆಯೇ ತೆಗೆದ ಬೈತಲೆ ಅಗಲವಾಗಿ ಹೋಗಿತ್ತು, ಪಕ್ಕಕ್ಕೆ ಸರಿಸಿದೆವು. ಲಿಪ್‌ಸ್ಟಿಕ್ ಒಂದೇ ಸಾಕು. ತುಟಿಗೆ ಹಚ್ಚಿ ಬೆರಳಿಗೆ ಉಳಿದದ್ದನ್ನು ಕೆನ್ನೆಗೆ ತೀಡಬೇಕು, ಯಾರಿಗೂ ಗೊತ್ತಾಗುವುದಿಲ್ಲ. ಹುಬ್ಬು ತೆಳುವಾದ ಕಡೆ ಕಾಡಿಗೆಯ ಒಂದು ಗೆರೆ. ಮುಖದ ಹತ್ತಿರ ಬೂದಿ ಬಣ್ಣ ಬೇಡ ಎಂದು ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ಸಾಸಿವೆ ಹೂವಿನ ಬಣ್ಣದ ದುಪಟ್ಟಾ ತಂದೆವು. ಅದೇ ದಿನ ಶಿವಾಜಿನಗರದ ಒಂದು ಅಂಗಡಿಗೂ ಕರೆದುಕೊಂಡು ಹೋದೆ. ಹೇಳಲು ನಾಚಿಕೆಯೇನಿಲ್ಲ, ಅಳತೆಗೆ ಸರಿಯಾದ ಒಳ ಉಡುಪು ಇಲ್ಲದಿದ್ದರೆ ಯಾವ ಕ್ರೀಮೂ ಕೆಲಸಕ್ಕೆ ಬರುವುದಿಲ್ಲ, ಭುಜ ಜೋತುಬಿದ್ದೇ ಇರುತ್ತದೆ. ಗಲ್ಲಾದಲ್ಲಿದ್ದ ಬುರ್ಖಾದ ಹೆಂಗಸು ಅವಳನ್ನು ಒಂದು ಸಲ ನೋಡಿ, "ಇಷ್ಟು ದಿನ ಯಾರ್ದು ಹಾಕ್ಕೊಂಡಿದ್ರಿ ಮೇಡಂ, ನಿಮ್ಮದಾ, ನಿಮ್ಮತ್ತೇದಾ?" ಅಂದಳು. ಇವಳು ನಕ್ಕ ನಗುವಿಗೆ ಅಂಗಡಿಯವರೆಲ್ಲ ತಿರುಗಿ ನೋಡಿದರು. ಅವಳಿಗೆ ಅಂಥ ನಗು ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ನನ್ನನ್ನೂ ಬಿಡುತ್ತಿರಲಿಲ್ಲ. ಎದ್ದು ಹೊರಡುವ ಮುಂಚೆ ನನ್ನ ಗಲ್ಲ ಹಿಡಿದು ಹಣೆಗೆ ಬೊಟ್ಟು ಒತ್ತಿ, "ನೀವು ಯಾರಿಗೆ ಕಮ್ಮಿರಿ?" ಅನ್ನುತ್ತಿದ್ದಳು. ರಿಟೈರ್ ಆದ ಮೇಲೆ ನಾನು ತಲೆ ಬಾಚುವುದನ್ನೂ ಮರೆತಿದ್ದೆ. ಮತ್ತೆ ದಿನಾ ಬಾಚಿಕೊಳ್ಳಲು ಶುರು ಮಾಡಿದ್ದು ಅವಳ ದೆಸೆಯಿಂದ.

ಬೆಳಗ್ಗೆ ಹಚ್ಚಿಕೊಂಡು ನಮ್ಮ ಹೊರಗಿನ ಮೆಟ್ಟಿಲು ಇಳಿದು ಸೀದಾ ಬಸ್ಸಿಗೆ. ಸಂಜೆ ಬಂದವಳು ಮೊದಲು ಮೇಲೆ ಬಂದು ಸೋಪಿನಲ್ಲಿ ಮುಖ ತೊಳೆದು, ದುಪಟ್ಟಾ ಬದಲಾಯಿಸಿ, ಬೂದಿಯಾಗಿ ಕೆಳಗೆ ಹೋಗುತ್ತಿದ್ದಳು. ತೊಳೆಯುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ, ಬಾಲ್ಕನಿಗೆ ಹೋಗಿಬಿಡುತ್ತಿದ್ದೆ. ಅತ್ತೆಯ ಕಣ್ಣಿಗೆ ಬೀಳಬಾರದೆಂದೇ ಈ ಸರ್ಕಸ್ ಎಂದು ಅವಳೂ ನಂಬಿದ್ದಳು, ನಾನೂ ನಂಬಿದ್ದೆ.

ಹೊಸ ಬ್ಯಾಚ್ ಶುರುವಾಗುವ ದಿನ ಮ್ಯಾನೇಜರ್ ಹುಡುಗಿ ಇವಳನ್ನು ಮೇಲಿಂದ ಕೆಳಗೆ ನೋಡಿ, "ವಾವ್ ಮ್ಯಾಮ್, ಲೀವ್ ತಗೊಂಡಿದ್ರಾ? ಎಷ್ಟು ಫ್ರೆಶ್ ಕಾಣ್ತೀರ. ಈ ಬ್ಯಾಚ್ ನೀವೇ ತಗೊಳಿ" ಅಂದಳಂತೆ. ಮಾವನ ಕಾರ್ಯಕ್ಕೆ ಬಿಟ್ಟರೆ ಅವಳು ರಜ ಹಾಕಿದವಳಲ್ಲ. ಅವಳು ಅದನ್ನು ನಗುತ್ತಾ ಹೇಳಿದಳು. ನನಗೆ ನಗು ಬರಲಿಲ್ಲ. ಎಷ್ಟೋ ವರ್ಷದ ಪಾಠ ಉಳಿಸಿಕೊಡದ ಕೆಲಸವನ್ನು ಎರಡು ಚಮಚ ಉಳಿಸಿದವು, ಅದಕ್ಕೆ ನಾನು ಥ್ಯಾಂಕ್ ಯೂ ಅನ್ನಬೇಕೇ?

ಎಡವಟ್ಟಾದದ್ದು ಒಂದು ಸಂಜೆ. ಮಳೆಗೆ ಮಹದೇವಪುರದ ರಸ್ತೆಯೆಲ್ಲ ನೀರು ನಿಂತು ಬಸ್ಸು ತಡವಾಗಿತ್ತು. ಅತ್ತೆಗೆ ಜ್ವರ ಎಂದು ಮಗಳು ಫೋನ್ ಮಾಡಿದ್ದಳು. ಗಾಬರಿಯಲ್ಲಿ ಇವಳು ಮೇಲೆ ಬರುವುದನ್ನೇ ಮರೆತು ಸೀದಾ ತನ್ನ ಮನೆಗೆ ನುಗ್ಗಿದಳು, ಲಿಪ್‌ಸ್ಟಿಕ್, ಹಳದಿ ದುಪಟ್ಟಾ ಎಲ್ಲ ಹಾಗೇ. "ಮಮ್ಮಿ, ನೀ ಇವತ್ತ ಮಸ್ತ್ ಕಾಣಸ್ತಿ" ಅಂದಳಂತೆ ಮಗಳು. ಗಂಡ ಆಗ ಟಿವಿಯಿಂದ ತಲೆ ಎತ್ತಿದ.

ಭಾನುವಾರ ಬೆಳಗ್ಗೆ ಅವನು ಮೆಟ್ಟಿಲು ಹತ್ತಿ ಬಂದ. ಕೂತುಕೊಳ್ಳಲಿಲ್ಲ.

"ನೀವು ದೊಡ್ಡವ್ರು ಆಂಟಿ, ಹೇಳಾಕ ನನಗ ಸಂಕೋಚ ಆಗ್ತೈತಿ. ಆಕಿ ನಿಮ್ಮಲ್ಲಿ ಬಂದು ಏನೇನೋ ಹಚ್ಕೊಂಡು ಹೋಗ್ತಾಳ. ಅಪ್ಪಾ ಹೋದ ಮ್ಯಾಲ ಮನ್ಯಾಗ ಇದೆಲ್ಲ ನೋಡಿದ್ರ ಅವ್ವಗ ಭಾಳ ತ್ರಾಸ ಆಗ್ತೈತ್ರಿ."

ನಾನು ಅವನ ಮೀಸೆ ನೋಡಿದೆ. ಆಗಷ್ಟೇ ಡೈ ಮಾಡಿದ್ದ. ಕರ್ರಗೆ ಮಿಂಚುತ್ತಿತ್ತು, ತುಟಿಯ ಮೇಲಿನ ಚರ್ಮಕ್ಕೂ ಒಂದಿಷ್ಟು ಮೆತ್ತಿತ್ತು.

"ನಿಮ್ಮ ಮೀಸೆ ನೋಡಿದ್ರೆ ನಿಮ್ಮಮ್ಮನಿಗೆ ತ್ರಾಸ ಆಗಲ್ವಾ?" ಅಂದೆ. "ಎಕ್ಸ್‌ಕ್ಯೂಸ್ ಮೀ, ಸುಮ್ಮನೆ ಕೇಳಿದೆ."

ಅವನ ಕೈ ಮೀಸೆಗೆ ಹೋಯಿತು. "ಅದು ಬ್ಯಾರೆ ರಿ. ಆಫೀಸಿನ್ಯಾಗ..." ಎಂದು ಶುರು ಮಾಡಿದ. ಅಷ್ಟರಲ್ಲಿ ಮೆಟ್ಟಿಲ ನಡುವಿನಿಂದ ದನಿ ಬಂತು. ಅವನ ತಾಯಿ. ಮಂಡಿ ನೋವಿನ ಮುದುಕಿ, ಕಂಬಿ ಹಿಡಿದು ಅರ್ಧ ಹತ್ತಿದ್ದರು.

"ನನ್ನ ಹೆಸರ ಯಾಕ ತೊಗೋತಿಲೇ? ನಾ ಯಾವತ್ತ ಅಂದೀನಿ?"

"ಅವ್ವಾ, ನಿನಗ ಜ್ವರ ಐತಿ, ಕೆಳಗ ನಡಿ."

"ಜ್ವರ ಹೋತು. ಆಕಿ ಆಫೀಸಿನ ದಣಿವಿಗೆ ಹೂವ ಬಿಟ್ಟಾಳ ಅಂತ ನಾ ತಿಳ್ಕೊಂಡಿದ್ದೆ. ನನ್ನ ಸಲವಾಗಿ ಬಿಟ್ಟಾಳ ಅಂತ ನನಗ್ಯಾರು ಹೇಳಿದ್ರು? ನನ್ನ ಗಂಡ ಹೋದ. ಆಕಿ ಗಂಡ ಇಲ್ಲೇ ನಿಂತಾನಲ್ಲೋ. ಆಕಿ ಯಾಕ ನನ್ನಂಗ ಇರಬೇಕು?"

ಒಂದೇ ಸೂರಿನಡಿ, ಒಂದೇ ಒಲೆಯ ಮುಂದೆ ಇಷ್ಟು ವರ್ಷ ಇದ್ದ ಇಬ್ಬರು ಹೆಂಗಸರು. ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯದಂತೆ ನಡುವೆ ನಿಂತು ಇಬ್ಬರ ಪರವಾಗಿಯೂ ಮಾತಾಡಿದವನು ಇವನು. ಸಿಟ್ಟಿನಲ್ಲಿ ನನಗೆ ಇಂಗ್ಲಿಷೇ ಬರುತ್ತದೆ. "ಶೇಮ್ ಆನ್ ಯೂ" ಅಂದೆ. ಅವನು ತಾಯಿಯ ರಟ್ಟೆ ಹಿಡಿದು ಕೆಳಗಿಳಿಸಿಕೊಂಡು ಹೋದ.

ಅಲ್ಲಿಗೆ ಸರಿಹೋಯಿತು ಎಂದು ನೀವು ಅಂದುಕೊಳ್ಳಬಹುದು, ನಾನೂ ಅಂದುಕೊಂಡೆ. ಆದರೆ ಮಾರನೆಯ ದಿನ ಏಳೂವರೆಗೆ ಅವಳು ಮತ್ತೆ ಮೇಲೆ ಬಂದಳು.

"ಇನ್ನು ಕೆಳಗೇ ಮಾಡ್ಕೋಬಹುದಲ್ಲೇ?"

"ಅತ್ತಿ ಏನೂ ಅನ್ನಂಗಿಲ್ರಿ. ಇವ್ರು ಪೇಪರ್ ಹಿಡ್ಕೊಂಡು ಎದುರಿಗೆ ಕುಂದರತಾರ. ಓದಂಗಿಲ್ಲ, ನನ್ನ ನೋಡ್ತಾರ. ಗೆರಿ ಸೊಟ್ಟ ಆಗ್ತೈತ್ರಿ ಆಂಟಿ."

ಅದಾದ ಸ್ವಲ್ಪ ದಿನಕ್ಕೇ ಅವನು ಕಗ್ಗದಾಸಪುರದಲ್ಲಿ ಮನೆ ನೋಡಿದ. ಅವಳ ಆಫೀಸಿಗೆ ಹತ್ತಿರ ಎಂದು ಕಾರಣ ಕೊಟ್ಟ. ಹತ್ತಿರವೇ, ಇಲ್ಲವೆನ್ನಲು ಯಾರಿಗೂ ಬಾಯಿಲ್ಲ. ನನಗೆ ರಾತ್ರಿ ನಿದ್ದೆ ಬರದಾಯಿತು. ಅಲ್ಲಿ ಮೇಲಿನ ಮನೆ ಯಾರದೋ. ಅಲ್ಲಿಯೂ ಕನ್ನಡಿ ಹಾಲ್‌ನಲ್ಲೇ ಇರುತ್ತದೆ, ಪೇಪರ್ ಹಿಡಿದು ಎದುರಿಗೆ ಅವನೇ ಕೂರುತ್ತಾನೆ. ಬೂದಿ ಬಣ್ಣದ ಚೂಡಿದಾರಿನಲ್ಲಿ ಇವಳು ಒಂದು ಬ್ಯಾಚ್, ಎರಡು ಬ್ಯಾಚ್ ಕಳೆಯುತ್ತಾಳೆ. ಆಮೇಲೆ ಆ ಬ್ಯಾಕ್ ಎಂಡ್ ಮೂಲೆ.

ಸಾಮಾನು ಸಾಗಿಸುವ ದಿನ ಗಲ್ಲಿಯಲ್ಲಿ ಟೆಂಪೋ ನಿಂತಿತ್ತು. ನಾನು ಬಾಲ್ಕನಿಯಲ್ಲಿದ್ದೆ. ಬೆಳಗ್ಗೆಯಿಂದ ಅವಳು ಮೇಲೆ ಬಂದಿರಲಿಲ್ಲ. ಮಂಚ, ಬೀರು ಏರಿದ್ದವು. ಅತ್ತೆ, ಮೊಮ್ಮಗಳು ಮುಂದೆ ನಿಂತ ಆಟೋದಲ್ಲಿ ಕೂತಿದ್ದರು. ಎದುರು ಮನೆಯವರು, ಹಾಲಿನವನು, ಇಸ್ತ್ರಿಯವನು, ಎಲ್ಲರೂ ನೋಡುತ್ತಾ ನಿಂತಿದ್ದರು. ಅವಳು ಒಳಗಿನಿಂದ ಬಂದು ಸೀದಾ ಟೆಂಪೋದ ಸೈಡ್ ಮಿರರ್ ಹತ್ತಿರ ಹೋಗಿ ತುದಿಗಾಲಲ್ಲಿ ನಿಂತಳು. ಎಟುಕಲಿಲ್ಲ. ಡ್ರೈವರ್ ಕಿಟಕಿಯಿಂದ ಕೈ ಹಾಕಿ ಮಿರರನ್ನು ಕೆಳಕ್ಕೆ ಬಗ್ಗಿಸಿ, "ಈಗ ಕಾಣ್ತಾ ಅಕ್ಕಾ?" ಅಂದ. ಹೂಂ ಅಂದಳು. ಪರ್ಸಿನಿಂದ ಕಾಡಿಗೆ ತೆಗೆದು ಒಂದು ಕಣ್ಣಿಗೆ ನಿಧಾನವಾಗಿ ಎಳೆದಳು. ಗೆರೆ ಸೊಟ್ಟವಾಯಿತೇನೋ. ಒರೆಸಿ ಮತ್ತೆ ಎಳೆದಳು.

ಗಂಡ ಕುಕ್ಕರ್ ಹಿಡಿದುಕೊಂಡು ಬಾಗಿಲಿಗೆ ಬಂದ. "ನಡಿ, ಲೋಡ್ ಆತು. ಎಲ್ಲಾರೂ ನೋಡಾಕತ್ತಾರ."

ಅವಳು ತಿರುಗಲಿಲ್ಲ. "ನಿಂದರ್ರಿ. ಇನ್ನೊಂದ ಕಣ್ಣ ಉಳದೈತಿ."

ಅವನು ಕುಕ್ಕರ್ ಹಿಡಿದುಕೊಂಡೇ ನಿಂತ. ಅವಳು ಎರಡನೇ ಕಣ್ಣಿಗೆ ಮೊದಲನೆಯದಕ್ಕಿಂತ ನಿಧಾನವಾಗಿ ಗೆರೆ ಎಳೆದಳು. ಆಮೇಲೆ ನಾನು ಅವಳನ್ನು ನೋಡಿಲ್ಲ.