ಬಿಡಿ ಬಣ

ನಮ್ಮ ಗುಂಡಿ, ದಾರದ ಅಂಗಡಿಯ ಒಳಮೂಲೆಯಲ್ಲಿ ಅಂಗಿಗಳಿಗೆ ಕಾಜಾ ಹೊಲಿಯುವ ನಮ್ಮತ್ತಿಗೆ ಮಧ್ಯಾಹ್ನ ಎರಡರಿಂದ ಮೂರರವರೆಗೆ ದೋಣಿ ನಡೆಸುತ್ತಾರೆ. ಆಗ ಗಿರಾಕಿ ಕೂಗಿದರೂ ತಲೆ ಎತ್ತುವುದಿಲ್ಲ. ಮೊಬೈಲಿನಲ್ಲಿ ನೂರಾರು ಜನ ಸೇರಿ ಕಟ್ಟಿಕೊಂಡ ಹೊಳೆದಂಡೆಯ ಊರೊಂದಿದೆ. ಒಬ್ಬ ಕಾವಲುಗಾರ, ಒಬ್ಬ ಕಳ್ಳ, ಒಬ್ಬಳು ವೈದ್ಯೆ, ಹೀಗೆ ಒಬ್ಬೊಬ್ಬರದು ಒಂದೊಂದು ವೇಷ; ಅತ್ತಿಗೆಯದು ದೋಣಿಯವಳದು. ಮಾತು, ನಡೆ ಎಲ್ಲವನ್ನೂ ಬರೆದು ತಿಳಿಸುವುದೇ ಆಟ.

ಅತ್ತಿಗೆ ಮೊದಲು ಮೇಷ್ಟ್ರ ಮಗಳು, ಆಮೇಲೆ ನಮ್ಮಣ್ಣನ ಹೆಂಡತಿ, ಅಂಗಡಿಗೆ ಬರುವವರಿಗೆ ನನ್ನ ಅತ್ತಿಗೆ. ದೋಣಿಯವಳಿಗೆ ಮಾತ್ರ ಹಿಂದೆ ಮುಂದೆ ಯಾರೂ ಇಲ್ಲ. ಕಳ್ಳನನ್ನೂ ದಾಟಿಸುತ್ತಾಳೆ, ಅವನನ್ನು ಅಟ್ಟಿಸಿಕೊಂಡು ಬಂದ ಕಾವಲುಗಾರನನ್ನೂ ದಾಟಿಸುತ್ತಾಳೆ. ಇಬ್ಬರಿಗೂ ಒಂದೇ ಬೈಗುಳ.

ಕಳೆದ ತಿಂಗಳು ಆಟ ನಡೆಸುವವರು ಕಾಯಿದೆ ತಂದರು: ಎಲ್ಲರೂ ಅಧಿಕೃತ ಬಣವೊಂದಕ್ಕೆ ಸೇರಬೇಕು, ಇಲ್ಲವಾದರೆ ಶನಿವಾರ ಅವರವರ ಸೊತ್ತು ಜಪ್ತಿ; ಅತ್ತಿಗೆಯದಾದರೆ ದೋಣಿ. ಕಾವಲುಪಡೆಯೂ ಕರೆಯಿತು, ಕಳ್ಳರ ಕೂಟವೂ ಕರೆಯಿತು. ಕಳ್ಳರ ಕಡೆ ಸೇರಿದರೆ ಗಿರಾಕಿ ಖಾಯಂ ಎಂದು ನಾನು ವ್ಯಾಪಾರದ ಬುದ್ಧಿ ಹೇಳಿದೆ.

"ನೀನು ಸುಮ್ನಿರಪ್ಪ," ಎಂದರು ಅತ್ತಿಗೆ. "ಹುಟ್ಟಿದಾಗಿಂದ ಯಾರ ಕಡೆಯವಳು ಅಂತಾನೇ ಕೇಳ್ತಿದಾರೆ. ಅಲ್ಲೂ ಅದನ್ನೇ ಕೇಳೋದಾದ್ರೆ ನಂಗೆ ದೋಣಿ ಯಾಕೆ?"

ಅರ್ಜಿಯಲ್ಲಿ ಬಣದ ಹೆಸರಿನ ಖಾನೆ ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. ಯಾವ ಡಜನಿಗೂ ಸೇರದ ಒಂಟಿ ಗುಂಡಿಗಳ ಡಬ್ಬಿಯ ಮೇಲೆ ನಾನೇ ಬರೆದ ಪದ ಅವರ ಕಣ್ಣೆದುರಿಗಿತ್ತು: 'ಬಿಡಿ'. ಅದನ್ನೇ ತುಂಬಿದರು.

ಆಟ ನಡೆಸುವವರು ಅದನ್ನೂ ಒಂದು ಬಣವೆಂದು ದಾಖಲಿಸಿಬಿಟ್ಟರು. ಪಟ್ಟಿಯಲ್ಲಿ ಆ ಹೆಸರು ಕಂಡದ್ದೇ ತಡ, ಯಾರ ತಂಟೆಗೂ ಹೋಗದೆ ತಮ್ಮ ಪಾಡಿಗೆ ಆಡಿಕೊಂಡಿದ್ದ ದೀಪದವನು, ಭಿಕ್ಷುಕಿ, ಅರೆಹುಚ್ಚ ಕವಿ ಎಲ್ಲರೂ ನುಗ್ಗಿದರು. ಶುಕ್ರವಾರದ ಹೊತ್ತಿಗೆ ಅರವತ್ತೊಂದು ಜನ, ಊರಿಗೇ ದೊಡ್ಡ ಬಣ. ಮೊದಲು ಸೇರಿದ ತಪ್ಪಿಗೆ ಅತ್ತಿಗೆ ಅಧ್ಯಕ್ಷೆ.

ದೋಣಿ ಉಳಿಯಿತು; ನಡೆಸಲು ಪುರುಸೊತ್ತು ಉಳಿಯಲಿಲ್ಲ. ಭಿಕ್ಷುಕಿಯ ಕಟ್ಟೆಯಲ್ಲಿ ಕವಿ ಕೂತದ್ದಕ್ಕೆ ಪಂಚಾಯಿತಿ, ನಮ್ಮ ನಿಯಮವೇನೆಂದು ದಿನಾ ತಗಾದೆ. ಯಾರ ಕಡೆಯೂ ಬೇಡವೆಂದವರೇ ಈಗ ಒಂದು ಕಡೆಯಾಗಿದ್ದರು. ಮೊನ್ನೆ ದೀಪದವನು ಬರೆದ: "ಅಧ್ಯಕ್ಷರೇ, ಕಾವಲುಗಾರನ್ನ ಇನ್ನು ದೋಣಿ ಹತ್ತಿಸ್ಬೇಡಿ. ಅವನು ನಮ್ಮ ಕಡೆಯವನಲ್ಲ."

ಅತ್ತಿಗೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಆಮೇಲೆ ಬರೆದರು: "ನಮ್ಮ ನಿಯಮ ಒಂದೇ. ಬಿಡಿ."

ಅದು ಹೆಸರೋ, ವಿನಂತಿಯೋ, ಅಪ್ಪಣೆಯೋ ಎಂದು ಉಳಿದ ಅರವತ್ತು ಜನ ಚರ್ಚೆಗೆ ಕೂತರು. ಅಷ್ಟರಲ್ಲಿ ದೋಣಿಯವಳು ಕಾವಲುಗಾರನನ್ನು ಬೈಯುತ್ತ ಅರ್ಧ ಹೊಳೆ ದಾಟಿದ್ದಳು.